ಇಪ್ಪತ್ತು ನಾಣ್ಯದ ಆಟ: ಅಜೈಲ್ ಕುರಿತ ಕೆಲವು ತಪ್ಪು ಕಲ್ಪನೆಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಮನೆಗಳಿಗೆ ‘ಸ್ಪ್ರಿಂಟ್’, ‘ಸ್ಕ್ರಮ್’ ಎಂಬ ಮಾತುಗಳು ಈಗ ಹೊಸತಲ್ಲ. ಇವು ಅಜೈಲ್, ಅಂದರೆ ಸಾಫ್ಟ್‌ವೇರ್ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮುಗಿಸುತ್ತ, ತಿದ್ದಿಕೊಳ್ಳುತ್ತ ಸಾಗುವ ಪದ್ಧತಿಯ ಮಾತುಗಳು. ಕೊರೊನಾ ಬಂದಾಗಿನಿಂದ ಮಕ್ಕಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಜಗಲಿಯಲ್ಲೇ ಕೂತು ಮಾಡುವುದುಂಟು, ಕರೆಂಟು ಇದ್ದರೆ. ಕಂಪನಿಯ ತರಬೇತಿಯಲ್ಲಿ ಚೆಂಡೆಸೆಯುವ, ನಾಣ್ಯ ಮಗುಚುವ ಆಟ ಆಡಿಸುತ್ತಾರೆ ಎಂದರೆ ಮಾತ್ರ ಹಿರಿಯರಿಗೆ ನಗು: ಇದಕ್ಕೂ ಸಂಬಳವೇ?

ಬರೀ ಮೋಜು ಎಂಬ ಈ ನಂಬಿಕೆಯನ್ನು ನಾಣ್ಯದಾಟವೇ ಸುಳ್ಳು ಮಾಡುತ್ತದೆ. ನಾಲ್ವರು ಸಾಲಾಗಿ ಕೂರಬೇಕು, ನಾಣ್ಯ 20. ಪ್ರತಿಯೊಬ್ಬರೂ ಎಲ್ಲವನ್ನೂ ಮಗುಚಿದ ಮೇಲೆ ಮುಂದಿನವರಿಗೆ ದಾಟಿಸಿದರೆ, ನಾಣ್ಯಕ್ಕೆ ಒಂದು ಸೆಕೆಂಡಿನಂತೆ, 80 ಸೆಕೆಂಡು. ಐದೈದಾಗಿ ದಾಟಿಸಿದರೆ 35. ಒಂದೊಂದಾಗಿ ದಾಟಿಸಿದರೆ 23. ಮೊದಲ ನಾಣ್ಯ 4ನೇ ಸೆಕೆಂಡಿಗೇ ಆಚೆ ಬಂದಿರುತ್ತದೆ. ಯಾರ ಕೈಯೂ ಚುರುಕಾಗಿಲ್ಲ, ಸುಮ್ಮನೆ ಕಾಯುವುದು ತಪ್ಪಿದೆ ಅಷ್ಟೆ. ಹಾಗಾಗಿ ಅಜೈಲ್ ಎಂದರೆ ಗಡಿಬಿಡಿಯ ದುಡಿಮೆ ಎಂಬುದೂ ತಪ್ಪು.

ಅಡಿಕೆ ಕೊಯ್ಲಿನವರಿಗೆ ಇದು ಗೊತ್ತಿರುವ ವಿಷಯವೇ. ಇಡೀ ತೋಟದ ಕೊನೆ ಇಳಿಯುವ ತನಕ ಸುಲಿಯುವವರು ಮೆಟ್ಟುಗತ್ತಿ ಹಿಡಿದು ಕಾಯುವುದಿಲ್ಲ. ಆದರೆ ಒಂದೊಂದೇ ಅಡಿಕೆ ಬೇಯಿಸುವವರೂ ಇಲ್ಲ; ಸೌದೆ, ಚೊಗರು, ಹಂಡೆಯ ಲೆಕ್ಕ ನೋಡಿ ಒಂದು ಹದದ ರಾಶಿ ಬೇಕು. ನಾಣ್ಯದಾಟದಲ್ಲಿ ಹಂಡೆ ಕಾಯಿಸುವ ಖರ್ಚೇ ಇಲ್ಲ. ಆಡಿಸುವವರು ಇದನ್ನು ಹೇಳದಿದ್ದರೆ ಪಾಠ ಅರ್ಧವೇ.

ಇನ್ನು, ಅಜೈಲಿಗೆ ಯೋಜನೆ ಬೇಡ ಎಂಬ ಮಾತು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಬರೆದ ಅಜೈಲ್ ಘೋಷಣೆ ಯೋಜನೆಯನ್ನು ತಳ್ಳಿಹಾಕಿಲ್ಲ. ಬದಲಾವಣೆಗೆ ಸ್ಪಂದಿಸುವುದು ಅದಕ್ಕಿಂತ ಮೇಲು ಎಂದಿತಷ್ಟೆ. ಚೆಂಡಿನಾಟದಲ್ಲೂ ಹಾಗೆಯೇ. ಚೆಂಡು ಎಲ್ಲರ ಕೈಗೂ ಸಿಗಬೇಕು, ಗಾಳಿಯಲ್ಲಿ ಹಾರಬೇಕು, ಪಕ್ಕದವರಿಗೆ ಕೊಡುವಂತಿಲ್ಲ. ಎರಡೆರಡು ನಿಮಿಷದ ಐದು ಸುತ್ತು. ಪ್ರತಿ ಸುತ್ತಿಗೂ ಮುಂಚೆ ಎಷ್ಟು ಚೆಂಡು ದಾಟಿಸುತ್ತೇವೆಂದು ತಂಡವೇ ಅಂದಾಜು ಹೇಳಬೇಕು, ಆಮೇಲೆ ಎಡವಿದ್ದೆಲ್ಲೆಂದು ಮಾತಾಡಿ ವಿಧಾನ ಬದಲಿಸಬೇಕು. ಕೆಸರುಗದ್ದೆಯ ಹಗ್ಗಜಗ್ಗಾಟದಲ್ಲಿ ಗೆದ್ದರೆ ಮುಗಿಯಿತು. ಇಲ್ಲಿ ಆ ಮಾತುಕತೆ ನಡೆಯದಿದ್ದರೆ ಆಟ ನಿಜಕ್ಕೂ ದಂಡ.

ಹೆಚ್ಚು ಓದಿದವರ ತಂಡವೇ ಮುಂದೆ ಎಂಬ ನಂಬಿಕೆಗೂ ಇನ್ನೊಂದು ಆಟದಲ್ಲಿ ಉತ್ತರವಿದೆ. ಒಣ ಸ್ಪಗೆಟಿ ಕಡ್ಡಿ 20, ಒಂದು ಗಜ ಟೇಪು, ಒಂದು ಗಜ ದಾರ, 18 ನಿಮಿಷ: ತುದಿಯಲ್ಲಿ ಮಾರ್ಷ್‌ಮೆಲೋ ಮಿಠಾಯಿ ನಿಲ್ಲುವಂತೆ ಗೋಪುರ ಕಟ್ಟಬೇಕು. ಇದನ್ನು ಹಲವು ಗುಂಪುಗಳಿಗೆ ಆಡಿಸಿದ ಟಾಮ್ ವುಜೆಕ್ ಹೇಳುವಂತೆ, ಶಿಶುವಿಹಾರದ ಮಕ್ಕಳು ಎಂಬಿಎ ವಿದ್ಯಾರ್ಥಿಗಳನ್ನು ಹಿಂದಿಕ್ಕುತ್ತಾರೆ. ಮಕ್ಕಳು ಮಿಠಾಯಿಯನ್ನು ಮೊದಲೇ ಇಟ್ಟು ನೋಡುತ್ತಾರೆ, ದೊಡ್ಡವರು ಕೊನೆಯ ಗಳಿಗೆಯಲ್ಲಿ ಇಡುತ್ತಾರೆ. ಆದರೆ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ಮಕ್ಕಳಿಗಿಂತ ಎತ್ತರ ಕಟ್ಟಿದರಂತೆ. ಮಳೆಗಾಲದಲ್ಲಿ ತುಂಗೆಯ ಸೇತುವೆ ದಾಟುವ ನಮಗೆ ಅದೊಂದು ಸಮಾಧಾನ.