ಶುದ್ಧ ನೀರು ಕೆಡುವುದು ಟಾಕಿಯಲ್ಲಿ

ಜಮಖಂಡಿ, ಮುಧೋಳದ ಪೇಟೆಗಳಲ್ಲಿ ಈಗ ಹೊಸ ಕಟ್ಟಡ ಎದ್ದರೆ ಮುಂಭಾಗಕ್ಕೆ ಗಾಜು ಬರುತ್ತದೆ. ಆ ಗಾಜು ಮತ್ತು ಚಾವಣಿಯ ಸೋಲಾರ್ ಫಲಕ ತೊಳೆಯುವುದು ನನ್ನ ಕಸುಬು. ಕರೆಸಿದವರು ಮೊದಲು ತೋರಿಸುವುದು ಬಿಳಿ ಕಲೆಗಳನ್ನು. “ನಿನ್ನೆನೇ ತೊಳಿಸೀವ್ರಿ, ಇವತ್ತು ನೋಡ್ರಿ ಹೆಂಗಾಗೇತಿ” ಅನ್ನುತ್ತಾರೆ.

ತಪ್ಪು ತೊಳೆದವರದಲ್ಲ, ನೀರಿನದು. ಮುಧೋಳ, ಲೋಕಾಪುರ ಸೀಮೆಯ ನೆಲದಡಿ ಸುಣ್ಣದಕಲ್ಲಿದೆ. ಸಿಮೆಂಟ್ ಕಾರ್ಖಾನೆಗಳು ಈ ಕಡೆ ಬಂದದ್ದೂ ಅದಕ್ಕಾಗಿಯೇ. ಆ ಕಲ್ಲಿನ ಸಂದಿಯ ಬೋರ್ ನೀರು ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಟಿಡಿಎಸ್ 1000 ಅಂದರೆ ಲೀಟರಿಗೆ 1000 ಮಿಲಿಗ್ರಾಂ, ಅಂದರೆ ಒಂದು ಗ್ರಾಂನಷ್ಟು ಲವಣ. ಬಿಸಿಲಿಗೆ ನೀರು ಆರುತ್ತದೆ, ಲವಣ ಗಾಜಿಗೆ ಅಂಟಿಕೊಳ್ಳುತ್ತದೆ. ಕುಡಿಯುವ ನೀರಿಗೆ ಐಎಸ್ 10500 ಮಾನಕ ಒಪ್ಪುವ ಟಿಡಿಎಸ್ 500. ಗಾಜಿಗೆ ಅದೂ ಹೆಚ್ಚೇ. ಒರೆಸದೆ ಹಾಗೇ ಆರಲು ಬಿಡಬೇಕಾದರೆ 10ರ ಒಳಗಿರಬೇಕು, ಸೊನ್ನೆಯಾದರೆ ಇನ್ನೂ ಒಳ್ಳೆಯದು. ಆರ್‌ಒ ಯಂತ್ರದ ನೀರನ್ನು ಮತ್ತೆ ರೆಸಿನ್ ತುಂಬಿದ ಕೊಳವೆಯಲ್ಲಿ ಹಾಯಿಸಿದರೆ ಅಷ್ಟಕ್ಕೆ ಇಳಿಯುತ್ತದೆ.

ಯಂತ್ರದ ಬೆಲೆ, ಕಂಪನಿ ಎಲ್ಲರೂ ವಿಚಾರಿಸುತ್ತಾರೆ. ಆ ನೀರನ್ನು ತುಂಬಿಡುವ ಟಾಕಿಯ ಬಗ್ಗೆ ಕೇಳುವವರಿಲ್ಲ. ನನಗೆ ಮಾತ್ರ ಟಾಕಿಯದೇ ದೊಡ್ಡ ಚಿಂತೆ. ನಳದ ನೀರಿನಲ್ಲಿ ಅಷ್ಟಿಷ್ಟು ಕ್ಲೋರಿನ್ ಇದ್ದು ಸೂಕ್ಷ್ಮಜೀವಿ ಬೆಳೆಯದಂತೆ ತಡೆಯುತ್ತದೆ. ಆರ್‌ಒ ಪೊರೆ ಹಾಳಾಗಬಾರದೆಂದು ಆ ಕ್ಲೋರಿನ್ ಅನ್ನು ಇದ್ದಿಲಿನ ಫಿಲ್ಟರ್ ಮೊದಲೇ ತೆಗೆದುಬಿಡುತ್ತದೆ. ಹೀಗಾಗಿ ಶುದ್ಧ ನೀರಿಗೆ ಕಾವಲೇ ಇರುವುದಿಲ್ಲ. ಸಾಲದ್ದಕ್ಕೆ, ಲವಣ ಕಳೆದುಕೊಂಡ ನೀರು ತಾಗಿದ್ದನ್ನೆಲ್ಲ ಕರಗಿಸಿಕೊಳ್ಳಲು ನೋಡುತ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಇಟ್ಟರೆ ಸುಣ್ಣ ಎಳೆದುಕೊಳ್ಳುತ್ತದೆ, ತಗಡಿನ ಟಾಕಿಯಲ್ಲಿ ಇಟ್ಟರೆ ಸತುವು, ತುಕ್ಕು. ಸೊನ್ನೆ ಮಾಡಿದ ನೀರು ಮತ್ತೆ ಕಲೆ ಬಿಡುವ ನೀರಾಗುತ್ತದೆ.

ಆದ್ದರಿಂದ ಆಹಾರ ದರ್ಜೆಯ ಪ್ಲಾಸ್ಟಿಕ್ ಅಥವಾ ಒಳ್ಳೆಯ ಸ್ಟೀಲ್ ಟಾಕಿಯೇ ಬೇಕು. ಪ್ಲಾಸ್ಟಿಕ್ ಟಾಕಿಯಾದರೆ ಮೈಮೇಲೆ ಐಎಸ್ 12701 ಗುರುತು ಹುಡುಕಿ. ಬೆಳಕು ಒಳಗೆ ಹೋಗಬಾರದು, ಹೋದರೆ ಪಾಚಿ ಖಚಿತ. ಮುಚ್ಚಳ ತೆಗೆದು ಒಳಗೆ ನಿಂತು ನೋಡುವಷ್ಟು ದೊಡ್ಡದೇನೂ ಬೇಡ. ಕೈ ಚಾಚಿದರೆ ತಳ ಸಿಗುವಂತಿರಲಿ. ಎರಡು ಮೂರು ದಿನದಲ್ಲಿ ಖಾಲಿಯಾಗುವಷ್ಟು ನೀರು ಹಿಡಿದರೆ ಸಾಕು. ತಳದಲ್ಲಿ ನೀರು ಪೂರ್ತಿ ಹೊರಗೆ ಹೋಗುವ ತೂತು ಇರಲೇಬೇಕು. ಗೂಡ್ಸ್ ಆಟೋದ ಮೇಲೆ ಇಡುವವರು ನೆನಪಿಡಿ: 500 ಲೀಟರ್ ನೀರು ಅಂದರೆ ಅರ್ಧ ಟನ್ ಭಾರ. ಅರ್ಧ ತುಂಬಿದ ಟಾಕಿ ಬ್ರೇಕ್ ಹಾಕಿದಾಗ ಗಾಡಿಯನ್ನೇ ಎಳೆದಾಡುತ್ತದೆ. ಒಳಗೆ ಅಡ್ಡಗೋಡೆ ಇರುವ ಟಾಕಿಯನ್ನೇ ಕೊಳ್ಳಿ. ಕೀಟನಾಶಕ, ಬಣ್ಣ, ಕಾಕಂಬಿ ತುಂಬಿದ್ದ ಹಳೆಯ ಬ್ಯಾರಲ್ ಅಗ್ಗಕ್ಕೆ ಸಿಕ್ಕರೂ ಬೇಡ. ಪ್ಲಾಸ್ಟಿಕ್ ಹೀರಿಕೊಂಡದ್ದು ಎಷ್ಟು ತೊಳೆದರೂ ಹೋಗುವುದಿಲ್ಲ.

ಗಾಳಿ ಕಿಂಡಿಗೆ ಸಣ್ಣ ಜಾಳಿಗೆ ಕಟ್ಟಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಹತ್ತಿ ಎಳೆ, ಬೀಳಗಿ ರಸ್ತೆಯಲ್ಲಿ ಎರೆಮಣ್ಣಿನ ಧೂಳು, ಕಬ್ಬಿನ ಹಂಗಾಮಿನಲ್ಲಂತೂ ಟ್ರ್ಯಾಕ್ಟರ್ ಎಬ್ಬಿಸಿದ್ದೆಲ್ಲ ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಸೊಳ್ಳೆಯೂ ಅಲ್ಲಿಂದಲೇ.

ತೊಳೆಯುವ ಹೊತ್ತು ಬಂತೇ ಎಂದು ಬೆರಳು ಹೇಳುತ್ತದೆ. ನೀರಿನ ಗೆರೆಯ ಕೆಳಗೆ ಒಳಗೋಡೆಯನ್ನು ಸವರಿ. ಕಣ್ಣಿಗೆ ಗೋಡೆ ಸ್ವಚ್ಛವೇ ಇರುತ್ತದೆ, ಬೆರಳು ಮಾತ್ರ ಜಾರುತ್ತದೆ. ಆ ಲೋಳೆಯೇ ಸೂಕ್ಷ್ಮಜೀವಿಗಳ ಗೂಡು. ಬೇಸಿಗೆಯಲ್ಲಿ ಅದು ಬೇಗ ಕಟ್ಟುತ್ತದೆ. ಮೆತ್ತನೆಯ ನೈಲಾನ್ ಬ್ರಶ್‌ನಿಂದ ಉಜ್ಜಿ. ತಂತಿ ಬ್ರಶ್ ಗೀಚಿದ ಗೆರೆಯಲ್ಲಿ ಲೋಳೆ ಮತ್ತೆ ಮನೆ ಮಾಡುತ್ತದೆ. ಸೋಪಿನ ಪುಡಿ ಬೇಡವೇ ಬೇಡ, ಅದರ ಅಂಶ ಗಾಜಿನ ಮೇಲೆ ಕಾಣುತ್ತದೆ.

ಉಜ್ಜಿದ ಮೇಲೆ ಸೋಂಕು ತೆಗೆಯಬೇಕು. ಬ್ಲೀಚಿಂಗ್ ಪುಡಿ ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುತ್ತದೆ, ಆದರೆ ಅದರ ತುಂಬ ಸುಣ್ಣ. ಯಾವುದನ್ನು ತೆಗೆಯಲು ಇಷ್ಟೆಲ್ಲ ಮಾಡಿದೆವೋ ಅದನ್ನೇ ಮತ್ತೆ ಹಾಕಿದಂತೆ. ನಾನು ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತೇನೆ. ಶೇ. 5ರದ್ದಾದರೆ 500 ಲೀಟರ್ ನೀರಿಗೆ ಅರ್ಧ ಲೀಟರ್ ಹಾಕಿದಾಗ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಕೆಲವು ತಾಸು ಬಿಟ್ಟು, ಪೈಪಿನಲ್ಲೂ ಹರಿಸಿ, ಪೂರ್ತಿ ಚೆಲ್ಲಿ. ಆರ್‌ಒ ಪೊರೆಗೆ, ರೆಸಿನ್‌ಗೆ ಈ ನೀರು ತಾಗಬಾರದು, ಮೊದಲೇ ಜೋಡಣೆ ಕಳಚಿಡಿ. ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ದೊಡ್ಡ ಟಾಕಿಯೊಳಗೆ ಒಬ್ಬರೇ ಇಳಿಯಲೂಬೇಡಿ. ಕೊನೆಗೆ ಶುದ್ಧ ನೀರಿನಿಂದ, ಕ್ಲೋರಿನ್ ವಾಸನೆ ಹೋಗುವವರೆಗೆ ತೊಳೆಯಬೇಕು.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಂಥ ನೆರೆಯಲ್ಲಿ ಮುಳುಗಿದ ಟಾಕಿಯನ್ನು ನಾನಂತೂ ಈ ಕೆಲಸಕ್ಕೆ ಮತ್ತೆ ಬಳಸುವುದಿಲ್ಲ.

ರೆಸಿನ್ ನೀರಿನ ಟಾಕಿಯ ಮೇಲೆ “ಕುಡಿಯಲು ಅಲ್ಲ” ಎಂದು ದೊಡ್ಡದಾಗಿ ಬರೆಸಿ. ಟಿಡಿಎಸ್ ಮೀಟರ್ ಲವಣ ಅಳೆಯುತ್ತದೆ, ರೋಗಾಣು ಅಳೆಯುವುದಿಲ್ಲ.

ಗಾಜು ತೊಳೆಯಲು ಯಾರನ್ನೇ ಕರೆಸಿ, ಹಣ ಮಾತಾಡುವ ಮೊದಲು ಟಾಕಿಯ ನಳದಿಂದ ಒಂದು ಲೋಟ ನೀರು ಹಿಡಿದು ಮೀಟರ್ ಅದ್ದಿಸಿ ನೋಡಿ. ಯಂತ್ರದ ಬಾಯಲ್ಲಿ ಬಂದ ಅಂಕಿ ಟಾಕಿಯ ನಳದಲ್ಲೂ ಬರಬೇಕು. ಬರದಿದ್ದರೆ ಟಾಕಿ ತೊಳೆದುಕೊಂಡು ಬರಲು ಹೇಳಿ.