ತಾಡಪತ್ರಗಳ ಸಮೀಪಚಿತ್ರಣದಲ್ಲಿ ಮಾನಿಟರಿನ ಉಪಯೋಗ

‘ಕಡು’ ಎಂಬ ಶಬ್ದದ ನಡುವೆ ಒಂದು ಸೊನ್ನೆ ಬಿದ್ದರೆ ಅದು ‘ಕಂಡು’ ಆಗುತ್ತದೆ. ತಾಡಪತ್ರದಲ್ಲಿ ಆ ಸೊನ್ನೆಯನ್ನು ಲಿಪಿಕಾರನು ಕಂಠದಿಂದ ಕೊರೆದಿರಬಹುದು. ಹುಳು ತಿಂದು ಮಾಡಿದ ರಂಧ್ರವೂ ಅದಾಗಿರಬಹುದು. ಗರಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದವನಿಗೆ ಈ ಭೇದ ತಿಳಿಯುವುದು ಕಷ್ಟವಲ್ಲ. ಕಪ್ಪು ಬಟ್ಟೆಯ ಮೇಲಿಟ್ಟು ತೆಗೆದ ಛಾಯಾಚಿತ್ರವನ್ನಷ್ಟೇ ನೋಡಿ ಪಾಠನಿರ್ಣಯ ಮಾಡಬೇಕಾದ ಸಂಪಾದಕನಿಗಾದರೋ ಎರಡೂ ಒಂದೇ ಬಗೆಯ ಕಪ್ಪು ಚುಕ್ಕೆಗಳು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮನೆ, ಮಠ, ಬಸದಿಗಳಲ್ಲಿ ಉಳಿದಿರಬಹುದಾದ ಓಲೆಕಟ್ಟುಗಳ ವಿಷಯದಲ್ಲಿ ಈ ತೊಡಕು ಇನ್ನೂ ದೊಡ್ಡದು. ಪೂಜೆಯಲ್ಲಿರುವ ಕಟ್ಟನ್ನು ಒಡೆಯರು ಒಂದು ದಿನದ ಮಟ್ಟಿಗೆ ಬಿಚ್ಚಲು ಒಪ್ಪಿದರೆ ಅದೇ ಹೆಚ್ಚು. ಮತ್ತೆ ಹೋಗಿ ಕೇಳಿದರೆ ಸಿಕ್ಕೀತೆಂಬ ಭರವಸೆಯಿಲ್ಲ. ಆದುದರಿಂದ ಸಂಶಯವನ್ನು ಗರಿ ಮೇಜಿನ ಮೇಲಿರುವಾಗಲೇ ಪರಿಹರಿಸಿಕೊಳ್ಳಬೇಕು.

ಈ ಪ್ರದೇಶದ ಲಿಖಿತ ಸಾಮಗ್ರಿಯ ಸಂಗ್ರಹದಲ್ಲಿ ಓದುವವನು ಬಹುಮಟ್ಟಿಗೆ ತಡವಾಗಿಯೇ ಬಂದಿದ್ದಾನೆ. ೧೮೨೪ರ ಅಕ್ಟೋಬರಿನಲ್ಲಿ ಕಿತ್ತೂರಿನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ತರುಣ ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಮುಂದೆ ಅವನೇ ಈ ಸೀಮೆಯ ಶಾಸನಗಳ ಕೈನಕಲುಗಳನ್ನು ಮಾಡಿಸಿದನು. ಅವುಗಳ ಸಂಖ್ಯೆ ೫೯೫. ನಕಲುಗಾರನು ತಪ್ಪು ಕಂಡಲ್ಲಿ ಓದುಗನೂ ತಪ್ಪಬೇಕಾಗಿತ್ತು. ಸವದತ್ತಿಯ ರಟ್ಟರ ಶಾಸನಗಳನ್ನು ಫ್ಲೀಟ್ ಪ್ರಕಟಿಸಿದುದು ೧೮೭೦ರ ದಶಕದಲ್ಲಿ. ಸುಗಂಧವರ್ತಿಯ ಜಿನಾಲಯಕ್ಕೆ ಶಾಂತಿವರ್ಮನು ಭೂದಾನ ಮಾಡಿದ ಶಕ ೯೦೨ರ, ಅಂದರೆ ಕ್ರಿ.ಶ. ೯೮೦ರ ಶಾಸನದಂಥವನ್ನು ಇಂದಿಗೂ ಕಲ್ಲಿನ ಬಳಿಗೆ ಹೋಗಿ ಪರಿಶೀಲಿಸಬಹುದು. ಕಲ್ಲು ನಿಂತಲ್ಲೇ ನಿಂತಿರುತ್ತದೆ. ಓಲೆಗೆ ಆ ಸ್ಥಿರತೆ ಇಲ್ಲ.

ಸಮೀಪಚಿತ್ರಣದ ಅಗತ್ಯವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಐವತ್ತು ಸೆಂಟಿಮೀಟರ್ ಉದ್ದದ ಗರಿಯನ್ನು ಅಗಲದಲ್ಲಿ ೬೦೦೦ ಬಿಂದುಗಳಿರುವ ಒಂದೇ ಚಿತ್ರದಲ್ಲಿ ಹಿಡಿದರೆ ಒಂದು ಮಿಲಿಮೀಟರಿಗೆ ೧೨ ಬಿಂದುಗಳು ದೊರೆಯುತ್ತವೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಣ್ಣ ಗೀರಿಗೆ ಒಂದೇ ಬಿಂದು. ‘ದ’ಕಾರವನ್ನು ‘ಧ’ಕಾರ ಮಾಡುವ ಸಣ್ಣ ಸೀಳು ಅಲ್ಲಿ ಮಾಯವಾಗುವುದು ಸಹಜ. ೩೬ ಮಿ.ಮೀ. ಅಗಲದ ಸಂವೇದಕವುಳ್ಳ ಕ್ಯಾಮೆರಾಕ್ಕೆ ಮ್ಯಾಕ್ರೋ ಲೆನ್ಸ್ ತೊಡಿಸಿ ಅರ್ಧ ಪ್ರಮಾಣದಲ್ಲಿ ಚಿತ್ರಿಸಿದರೆ ೭೨ ಮಿ.ಮೀ. ಭಾಗ ಮಾತ್ರ ಚೌಕಟ್ಟಿಗೆ ಬರುತ್ತದೆ. ಮಿಲಿಮೀಟರಿಗೆ ಸುಮಾರು ೮೩ ಬಿಂದುಗಳು. ಒಂದರ ಅಂಚು ಇನ್ನೊಂದರಲ್ಲಿ ಕಾಲುಭಾಗ ಸೇರುವಂತೆ ತೆಗೆದರೆ ಗರಿಯ ಒಂದು ಮಗ್ಗುಲಿಗೆ ಒಂಬತ್ತು ಚಿತ್ರಗಳು ಬೇಕು. ನೂರು ಗರಿಗಳ ಕಟ್ಟಿಗೆ ಸಾವಿರದ ಎಂಟುನೂರು! ಇದು ವ್ಯರ್ಥ ಶ್ರಮ. ಇಡೀ ಕಟ್ಟನ್ನು ದೊಡ್ಡ ಚೌಕಟ್ಟುಗಳಲ್ಲಿ ಮೊದಲು ತೆಗೆದು, ಸಂದಿಗ್ಧ ಸ್ಥಳಗಳನ್ನು ಮಾತ್ರ ಹತ್ತಿರದಿಂದ ತೆಗೆಯುವುದೇ ಯುಕ್ತ.

ಸಂದಿಗ್ಧವಾವುದೆಂದು ಹೇಳಬಲ್ಲವನು ಲಿಪಿಜ್ಞ, ಛಾಯಾಗ್ರಾಹಕನಲ್ಲ. ಮಾನಿಟರಿನ ಮುಖ್ಯ ಪ್ರಯೋಜನ ಇಲ್ಲಿಯೇ ಇದೆ. ಸ್ಟ್ಯಾಂಡಿನ ಮೇಲೆ ಕೆಳಮುಖವಾಗಿ ನಿಲ್ಲಿಸಿದ ಕ್ಯಾಮೆರಾದ ಹಿಂಬದಿಯ ಪರದೆ ಮಾಳಿಗೆಯ ಕಡೆ ಮುಖ ಮಾಡಿರುತ್ತದೆ. ಅದರ ಅಗಲ ಆರೇಳು ಸೆಂಟಿಮೀಟರು. ಅರ್ಧ ಪ್ರಮಾಣದ ಚಿತ್ರವು ಅದರಲ್ಲಿ ಗರಿಯ ಸಹಜ ಗಾತ್ರಕ್ಕಿಂತಲೂ ಕಿಂಚಿತ್ ಸಣ್ಣದಾಗಿಯೇ ಕಾಣುತ್ತದೆ. ಅದೇ ಭಾಗ ಇಪ್ಪತ್ತನಾಲ್ಕು ಇಂಚಿನ ಮಾನಿಟರಿನಲ್ಲಿ ಸುಮಾರು ಆರು ಪಟ್ಟು ಹಿಗ್ಗುತ್ತದೆ. ಛಾಯಾಗ್ರಾಹಕನು ದೀಪವನ್ನು ಸರಿಸುತ್ತಿದ್ದಂತೆ ಲಿಪಿಜ್ಞನು ಕುಳಿತಲ್ಲಿಂದಲೇ ಓದಬಹುದು, ತಡೆಯಬಹುದು.

ದೀಪವನ್ನು ಗರಿಯ ಮಟ್ಟದಿಂದ ಹತ್ತು ಹದಿನೈದು ಅಂಶಗಳಷ್ಟು ಮಾತ್ರ ಮೇಲೆತ್ತಿ ಓರೆಯಾಗಿ ಬಿಟ್ಟರೆ, ಮಸಿ ಅಳಿಸಿಹೋದ ಗೀರು ಕೂಡ ತನ್ನ ನೆರಳಿನಿಂದ ಎದ್ದು ತೋರುತ್ತದೆ. ಎಣ್ಣೆ ಹಚ್ಚಿದ ಗರಿ ಹೊಳೆಯುತ್ತದೆ. ಆ ಹೊಳಪು ಅಕ್ಷರವನ್ನು ನುಂಗುವುದನ್ನು ಮಾನಿಟರಿನಲ್ಲಿ ಆಗಲೇ ಕಂಡು ದೀಪವನ್ನು ತಿರುಗಿಸಬಹುದು. ಇನ್ನು ಸೊನ್ನೆಯ ಪ್ರಶ್ನೆ. ಗರಿಯ ಕೆಳಗಿನಿಂದ ಮಂದವಾದ ಬೆಳಕು ಬಿಟ್ಟರೆ ರಂಧ್ರವು ಬೆಳಗುತ್ತದೆ. ಕೊರೆದ ಸೊನ್ನೆಯ ನಡುವೆ ಗರಿಯ ಮೈ ಉಳಿದಿರುತ್ತದೆ. ನಿಜವಾದ ಸೊನ್ನೆಯನ್ನೇ ಹುಳು ತಿಂದಿರುವುದೂ ಉಂಟು. ಆಗ ರಂಧ್ರದ ಅಂಚಿನಲ್ಲಿ ಗೀರಿನ ಶೇಷವೇನಾದರೂ ಇದೆಯೇ ಎಂದು ಹುಡುಕಬೇಕು. ಹಿಂದಿನ ಮುಂದಿನ ಗರಿಗಳಲ್ಲಿ ಅದೇ ಸ್ಥಳವನ್ನೂ ನೋಡಬೇಕು, ಏಕೆಂದರೆ ಹುಳು ಒಂದೇ ಗರಿಗೆ ತೃಪ್ತಿಪಡುವುದು ಅಪರೂಪ.

ನಾಭಿಯ ವಿಷಯದಲ್ಲಿಯೂ ಮಾನಿಟರು ಕಣ್ಣಿಗಿಂತ ನಿಷ್ಠುರ. ಅರ್ಧ ಪ್ರಮಾಣದಲ್ಲಿ, ಎಫ್ ೮ರ ರಂಧ್ರಮಾನದಲ್ಲಿ, ಸ್ಪಷ್ಟವಾಗಿ ಮೂಡುವ ಆಳ ಒಂದರಿಂದ ಮೂರು ಮಿ.ಮೀ. ಮಾತ್ರ. ಬಾಗಿದ ಗರಿ ಅದನ್ನು ಸುಲಭವಾಗಿ ಮೀರುತ್ತದೆ. ಗರಿಯನ್ನು ಒತ್ತಿ ಚಪ್ಪಟೆ ಮಾಡಿದರೆ ಸೀಳುತ್ತದೆ. ನಾಭಿಯನ್ನು ಮೇಲೆ ಕೆಳಗೆ ಸರಿಸಿ ಎರಡು ಮೂರು ಚಿತ್ರಗಳನ್ನು ತೆಗೆಯುವುದೇ ಲೇಸು. ಹಲಗೆ ಹಾಸಿದ ಹಳೆಯ ಮೇಲಂತಸ್ತಿನಲ್ಲಿ ಯಾರಾದರೂ ನಡೆದಾಡಿದರೆ ಹಿಗ್ಗಿಸಿದ ಚಿತ್ರ ಅಲುಗುತ್ತದೆ. ನೆಲದ ಮೇಲಿನ ಕೋಣೆಯೇ ಉತ್ತಮ.

ಆದರೆ ಮಾನಿಟರಿನ ಕಾಂತಿಯನ್ನು ನಂಬಬಾರದು. ಅದನ್ನು ಹೆಚ್ಚಿಸಿಟ್ಟಿದ್ದರೆ ಮಂಕಾದ ಚಿತ್ರವೂ ಸರಿಯಾಗಿಯೇ ತೋರುತ್ತದೆ. ಬೆಳಕಿನ ಪ್ರಮಾಣವನ್ನು ಕ್ಯಾಮೆರಾದ ಆಲೇಖದಿಂದ ತಿಳಿಯಬೇಕು. ಪರದೆಯ ಬೆಳಕು ಗರಿಯ ಮೇಲೆ ಬೀಳದಂತೆ ಅದನ್ನು ಓರೆಯಾಗಿಡಬೇಕು. ತಂತಿಯನ್ನು ಸ್ಟ್ಯಾಂಡಿಗೆ ಕಟ್ಟದಿದ್ದರೆ ಅದರ ಭಾರವೇ ಕ್ಯಾಮೆರಾವನ್ನು ಜಗ್ಗುತ್ತದೆ. ಮಾನಿಟರಿನಲ್ಲಿ ಕಂಡ ನಿರ್ಣಯವು ತಾನಾಗಿ ಚಿತ್ರದಲ್ಲಿ ಉಳಿಯುವುದೂ ಇಲ್ಲ: ‘ರಂಧ್ರ, ಸೊನ್ನೆಯಲ್ಲ’ ಎಂದು ಗರಿಯ ಸಂಖ್ಯೆ, ಸಾಲು, ಚಿತ್ರಸಂಖ್ಯೆಗಳೊಡನೆ ಲಿಪಿಜ್ಞನು ಆಗಲೇ ವಹಿಯಲ್ಲಿ ಬರೆದಿಡಬೇಕು. ಅನಂತರವೇ ಕಟ್ಟಿಗೆ ದಾರ ಸುತ್ತಿ ಒಡೆಯರ ಕೈಗೆ ಒಪ್ಪಿಸತಕ್ಕದ್ದು.