ಮಿದುಳಿನ ಪೆಟ್ಟು ಮತ್ತು ಚೇತರಿಕೆ: ಫಿನಿಯಸ್ ಗೇಜನ ವೃತ್ತಾಂತದ ಮರುಪರಿಶೀಲನೆ

ತಲೆಗೆ ಭಾರಿ ಪೆಟ್ಟು ಬಿದ್ದವರ ವಿಷಯದಲ್ಲಿ ಎರಡು ವಿರುದ್ಧ ನಂಬಿಕೆಗಳು ಜನರಲ್ಲಿ ಒಟ್ಟಿಗೇ ನೆಲೆಸಿವೆ. ಗಾಯ ಮಾಯ್ದು ಮನುಷ್ಯನು ಎದ್ದು ನಡೆದಾಡಿದನೆಂದರೆ ಎಲ್ಲವೂ ಸರಿಹೋಯಿತೆಂಬುದು ಒಂದು; ಒಂದೆರಡು ವರ್ಷಗಳಲ್ಲಿ ಮರಳದ ಶಕ್ತಿ ಮುಂದೆಂದೂ ಮರಳದೆಂಬುದು ಇನ್ನೊಂದು. (ಅಳಿದ ನೆನಪು ಎರಡನೆಯ ಪೆಟ್ಟಿನಿಂದ ಹಿಂದಿರುಗುವುದೆಂಬ ಚಲನಚಿತ್ರಗಳ ಕಲ್ಪನೆ ಇಲ್ಲಿ ಚರ್ಚಾರ್ಹವಲ್ಲ, ಎರಡನೆಯ ಪೆಟ್ಟು ಹಾನಿಯನ್ನು ಹೆಚ್ಚಿಸಬಲ್ಲುದೇ ಹೊರತು ಉಪಕಾರವನ್ನೇನೂ ಮಾಡದು.) ಎರಡನೆಯ ನಂಬಿಕೆಗೆ ಶಾಸ್ತ್ರದ ಬೆಂಬಲವೂ ಇರುವಂತೆ ತೋರುವುದರಿಂದ ಅದು ಹೆಚ್ಚು ಹಾನಿಕರ. ಈ ನಿರಾಶೆಗೆ ಪುಷ್ಟಿಕೊಟ್ಟ ವೃತ್ತಾಂತಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಫಿನಿಯಸ್ ಗೇಜನದು.

ಗೇಜನು ಅಮೆರಿಕೆಯ ವರ್ಮಾಂಟ್ ಸಂಸ್ಥಾನದಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಕೂಲಿಗಳ ಮೇಸ್ತ್ರಿ. 1848ರ ಸೆಪ್ಟೆಂಬರ್ 13ರಂದು ಮದ್ದು ಅಕಾಲದಲ್ಲಿ ಸಿಡಿದು, ಅದನ್ನು ಗಟ್ಟಿಸುವ ಕಬ್ಬಿಣದ ಸರಳು ಅವನ ಎಡಗೆನ್ನೆಯೊಳಹೊಕ್ಕು ನೆತ್ತಿಯ ಮೂಲಕ ಹೊರಹಾರಿತು. ಸರಳಿನ ಉದ್ದ 3 ಅಡಿ 7 ಅಂಗುಲ, ತೂಕ 13 ಪೌಂಡಿಗೂ ಮೇಲು. ಆಗ ಅವನ ವಯಸ್ಸು 25. ಅವನು ಬದುಕಿದನು, ಆದರೆ ಬದಲಾಗಿದ್ದನು. ಮೊದಲು ವಿವೇಕಿಯೂ ದಕ್ಷನೂ ಆಗಿದ್ದವನು ಚಂಚಲನೂ ಒರಟು ಮಾತಿನವನೂ ಆದುದರಿಂದ ಹಿಂದಿನ ಹುದ್ದೆ ಅವನಿಗೆ ದೊರೆಯಲಿಲ್ಲವೆಂದು ಅವನಿಗೆ ಚಿಕಿತ್ಸೆ ನೀಡಿದ ಡಾಕ್ಟರ್ ಹಾರ್ಲೋ 1868ರಲ್ಲಿ ಬರೆದರು. ಅನೇಕ ಪಠ್ಯಪುಸ್ತಕಗಳು ಇದಕ್ಕೆ ಕುಡಿತ, ಅಲೆದಾಟಗಳನ್ನೂ ಸೇರಿಸಿ, ಗೇಜನು ಕೊನೆಯವರೆಗೂ ಯಾವ ಕೆಲಸಕ್ಕೂ ಬಾರದವನಾಗಿದ್ದನೆಂದು ಚಿತ್ರಿಸಿದವು.

ಇದು ಖರ್ಚಿನ ಪುಟವನ್ನಷ್ಟೇ ಓದಿ ಜಮೆಯ ಪುಟವನ್ನು ಮುಚ್ಚಿಟ್ಟ ಲೆಕ್ಕ. 1852ರಲ್ಲಿ ಗೇಜನು ದಕ್ಷಿಣ ಅಮೆರಿಕೆಯ ಚಿಲಿಗೆ ಹೋಗಿ ಸುಮಾರು ಏಳು ವರ್ಷ ಪ್ರಯಾಣಿಕರ ಕುದುರೆಬಂಡಿಯನ್ನು ನಡೆಸಿದನೆಂಬುದು ಹಾರ್ಲೋರ ಬರಹದಲ್ಲಿಯೇ ಇದೆ. ಹಲವು ಕುದುರೆಗಳ ಲಗಾಮುಗಳನ್ನು ಹಿಡಿದು, ಹೊತ್ತಿಗೆ ಸರಿಯಾಗಿ ಹೊರಟು, ಪರಭಾಷೆಯ ಜನರೊಡನೆ ವ್ಯವಹರಿಸಿ, ಕಠಿನವಾದ ದಾರಿಯಲ್ಲಿ ಬಂಡಿಯನ್ನು ಸಾಗಿಸುವುದು ವಿವೇಕಶಕ್ತಿ ಪೂರ್ಣವಾಗಿ ಅಳಿದವನ ಕೆಲಸವಲ್ಲ. ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞ ಮಾಲ್ಕಮ್ ಮ್ಯಾಕ್‌ಮಿಲನ್ ಮೂಲದಾಖಲೆಗಳನ್ನೆಲ್ಲ ಶೋಧಿಸಿ 2000ದಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪ್ರತಿದಿನವೂ ಒಂದೇ ಕ್ರಮದಲ್ಲಿ ಬರುವ ನಿಯತವಾದ ಕೆಲಸವೇ ಗೇಜನಿಗೆ ಪುನರ್ವಸತಿಯಾಗಿ ಪರಿಣಮಿಸಿರಬೇಕೆಂಬುದು ಅವರ ಅಭಿಪ್ರಾಯ. ಇದು ಊಹೆಯೇ ಆದರೂ ಇಂದಿನ ಚಿಕಿತ್ಸಾನುಭವಕ್ಕೆ ಹೊಂದುವಂಥದು. ಚೇತರಿಕೆಯ ವೇಗ ಮೊದಲ ತಿಂಗಳುಗಳಲ್ಲಿ ಹೆಚ್ಚು, ಅನಂತರ ಮಂದ. ಆದರೆ ಮಂದವಾಯಿತೆಂದರೆ ನಿಂತಿತೆಂದು ಅರ್ಥವಲ್ಲ.

ಕಳೆದುದು ಹಾಗೆಯೇ ಹಿಂದಿರುಗುವುದೆಂದೂ ಇದರಿಂದ ತಿಳಿಯಬಾರದು. 1943ರ ಯುದ್ಧದಲ್ಲಿ ಗುಂಡಿನಿಂದ ಮಿದುಳಿಗೆ ಗಾಯವಾದ ಜಸೆಟ್‌ಸ್ಕಿ ಎಂಬ ಸೋವಿಯತ್ ಸೈನಿಕನನ್ನು ಮನಶ್ಶಾಸ್ತ್ರಜ್ಞ ಲೂರಿಯಾ ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಗಮನಿಸಿದರು. ಅಕ್ಷರಗಳ ಆಕಾರವನ್ನು ಒಂದೊಂದಾಗಿ ನೆನೆಯಹೊರಟರೆ ಅವನಿಗೆ ಬರೆಯಲಾಗುತ್ತಿರಲಿಲ್ಲ. ಕೈಯೆತ್ತದೆ ಪದವನ್ನು ಒಂದೇ ಓಟದಲ್ಲಿ ಬರೆದಾಗ, ಕೈಗೆ ಹಿಂದೆ ರೂಢಿಯಾಗಿದ್ದ ಚಲನೆ ಮರಳಿ ಬಂದಿತು. ಹೀಗೆ ಅವನು ಸುಮಾರು 3000 ಪುಟಗಳ ಆತ್ಮವೃತ್ತಾಂತವನ್ನು ಬರೆದನು. ತಾನು ಬರೆದುದನ್ನು ಓದುವುದು ಮಾತ್ರ ಅವನಿಗೆ ಅತಿ ಪ್ರಯಾಸವಾಗಿಯೇ ಉಳಿಯಿತು. ಕೆಟ್ಟ ದಾರಿಯನ್ನು ಬಿಟ್ಟು ಬಳಸುದಾರಿಯನ್ನು ಹಿಡಿಯುವುದು ಪುನರ್ವಸತಿಯ ಬಹುಭಾಗ.

ಇನ್ನು ಮೊದಲನೆಯ ನಂಬಿಕೆಯ ಕಷ್ಟವನ್ನು ಉಣ್ಣುವವರು ಮನೆಯವರು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವನು ಹೇಳಿದರೆ ಸ್ನಾನಕ್ಕೆ ಏಳಬಹುದು, ತಾನಾಗಿ ಏಳದಿರಬಹುದು, ಅಲ್ಪಕಾರಣಕ್ಕೆ ಸಿಡುಕಬಹುದು, ತನ್ನಲ್ಲಿ ಕೊರತೆಯಿದೆಯೆಂಬುದೇ ಅವನಿಗೆ ತೋರದಿರಬಹುದು. ಹೊರಗೆ ಗಾಯವಿಲ್ಲದುದರಿಂದ ಇದನ್ನು ಸೋಮಾರಿತನವೆಂದೂ ಹಟವೆಂದೂ ಬಗೆದು ಗದರಿಸುವುದುಂಟು. ಇಚ್ಛೆಯನ್ನು ಕಾರ್ಯಕ್ಕೆ ತರುವ ಶಕ್ತಿಗೇ ಏಟು ಬಿದ್ದಿರುವಾಗ ಬುದ್ಧಿವಾದದಿಂದ ಆಗುವುದು ಅಲ್ಪ. ಗೋಡೆಯ ಮೇಲೆ ಬರೆದಿಟ್ಟ ದಿನಚರಿ, ಗಡಿಯಾರದ ಗಂಟೆ, ಚಿಕ್ಕದಾಗಿ ವಿಂಗಡಿಸಿಕೊಟ್ಟ ಕೆಲಸ ಇವುಗಳಿಂದ ಹೆಚ್ಚು ಪ್ರಯೋಜನವುಂಟು.

ವೈದ್ಯರ ನಿಗಾ ಎಷ್ಟು ಕಾಲ ಬೇಕೆಂಬುದಕ್ಕೂ ಗೇಜನೇ ನಿದರ್ಶನ. 1859ರಲ್ಲಿ ಆರೋಗ್ಯ ಕೆಟ್ಟು ಅವನು ಚಿಲಿಯನ್ನು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ತಾಯಿಯ ಬಳಿಗೆ ಬಂದನು. ಮರುವರ್ಷ ಮೂರ್ಛೆಯ ಸೆಳವುಗಳು ಆರಂಭವಾದವು. ಅವುಗಳಿಂದಲೇ 1860ರ ಮೇ ತಿಂಗಳಲ್ಲಿ, ಪೆಟ್ಟು ಬಿದ್ದು ಹನ್ನೊಂದು ವರ್ಷಗಳು ಕಳೆದಮೇಲೆ, ಅವನು ತೀರಿಕೊಂಡನು.